ಮೂರನೇ ಜ್ವರ

ರಾಧಾಮಣಿಯ ಹೆಸರಿನ ಪಕ್ಕದಲ್ಲಿ ಕೆಂಪು ಚುಕ್ಕೆ ಬಿದ್ದದ್ದು ಒಂದು ಬುಧವಾರ ಬೆಳಿಗ್ಗೆ, ಅವಳು ಹುಳುಗಳಿಗೆ ಮೊದಲ ಸೊಪ್ಪು ಹಾಕಿ ಕೈ ತೊಳೆಯುತ್ತಿದ್ದಾಗ. ಮೊಬೈಲು ಟಿಣ್ ಎಂದಿತು. ಸೆರಗಿಗೆ ಕೈ ಒರೆಸಿಕೊಂಡು 'ನೂಲೇಣಿ' ಆ್ಯಪ್ ತೆರೆದು ನೋಡಿದಳು. ಚುಕ್ಕೆಯ ಕೆಳಗೆ ಎರಡು ಸಾಲಿತ್ತು: 'ರೋಗ ಶಂಕೆ. ಈ ಕೇಂದ್ರದ ಎಲ್ಲ ಆರ್ಡರ್‌ಗಳನ್ನು ಮುಂದಿನ ಸೂಚನೆಯವರೆಗೆ ತಡೆಹಿಡಿಯಲಾಗಿದೆ.'

ಓದಿದ್ದು ಅರ್ಥವಾಗಲಿಲ್ಲ. ಮತ್ತೆ ಓದಿದಳು. ಆಮೇಲೆ ಸೀದಾ ಹುಳುಮನೆಯ ಒಳಗೆ ಹೋಗಿ ಒಂದೊಂದೇ ತಟ್ಟೆ ಎಳೆದು ನೋಡಿದಳು. ಹುಳುಗಳು ಸರಸರ ಸದ್ದು ಮಾಡಿಕೊಂಡು ಸೊಪ್ಪು ತಿನ್ನುತ್ತಿದ್ದವು. ಒಂದೇ ಒಂದು ಕಪ್ಪಾಗಿರಲಿಲ್ಲ, ಒಂದೇ ಒಂದು ಅಂಚಿಗೆ ಹರಿದು ಬಂದಿರಲಿಲ್ಲ. ರೋಗದ ಹುಳು ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಮಲ್ಲೇನಹಳ್ಳಿ. ಅಲ್ಲಿ ರಾಧಾಮಣಿಯದು ಚಾಕಿ ಕೇಂದ್ರ. ರೇಷ್ಮೆ ಹುಳು ಮೊಟ್ಟೆ ಒಡೆದು ಬಂದ ಮೊದಲ ಹತ್ತು ದಿನ ಬಹಳ ನಾಜೂಕು. ಗಾಳಿ ಹೆಚ್ಚಾದರೂ ಕಷ್ಟ, ತೇವ ಕಡಿಮೆಯಾದರೂ ಕಷ್ಟ. ಆ ಹತ್ತು ದಿನ ಸಾಕಿ, ಮೈ ಗಟ್ಟಿ ಮಾಡಿ, ರೈತರ ಮನೆಗೆ ಒಪ್ಪಿಸುವುದು ಚಾಕಿಯವರ ಕೆಲಸ. ಅಲ್ಲಿಂದ ಗೂಡು ಕಟ್ಟುವ ತನಕ ರೈತರ ಪಾಡು. ಅತ್ತೆ ಮಂಗಮ್ಮ ಮೂವತ್ತು ವರ್ಷ ಮಾಡಿದ ಕೆಲಸವನ್ನು ಸೊಸೆ ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದಳು. ಗಂಡ ಚಲಪತಿ ಟೆಂಪೋದಲ್ಲಿ ಹುಳು ತಲುಪಿಸಿ ಬರುತ್ತಿದ್ದ. ಮಾತು ಅವನಿಗೆ ಕಡಿಮೆ. ಆ ಮನೆಯಲ್ಲಿ ಮಾತಾಡುವವರಿಗೆ ಬರವಿರಲಿಲ್ಲ.

ಎರಡು ವರ್ಷದ ಹಿಂದೆ ನೂಲೇಣಿ ಬಂತು. ಮೊಟ್ಟೆ ತರಿಸುವುದು, ಚಾಕಿ ಹುಳು ಕಾದಿರಿಸುವುದು, ಗೂಡಿಗೆ ಗಿರಾಕಿ ಹುಡುಕುವುದು, ಎಲ್ಲ ಒಂದೇ ಕಡೆ. ಮೊದಲು ರೈತರು ಮನೆಗೇ ಬಂದು, ಕಾಫಿ ಕುಡಿದು, 'ಮುಂದಿನ ಬೆಳೆಗೆ ನಮಗೆ ನೂರು ಮೊಟ್ಟೆ ಹುಳ ಇಡಮ್ಮ' ಎಂದು ಹೇಳಿ ಹೋಗುತ್ತಿದ್ದರು. ಈಗ ಹೆಬ್ಬೆರಳು ಒತ್ತಿದರೆ ಆಯಿತು. ಅನುಕೂಲವೇ, ಇಲ್ಲವೆನ್ನುವಂತಿಲ್ಲ. ಆದರೆ ಅನುಕೂಲಕ್ಕೆ ಒಂದು ಗುಣವಿದೆ. ಅದು ಮೊದಲು ಪಕ್ಕದಲ್ಲಿ ಕೂರುತ್ತದೆ, ಆಮೇಲೆ ತೊಡೆಯ ಮೇಲೆ ಕೂರುತ್ತದೆ, ಕೊನೆಗೆ ತಲೆಯ ಮೇಲೆ. ಎರಡೇ ವರ್ಷದಲ್ಲಿ ಮಲ್ಲೇನಹಳ್ಳಿಗೆ ಕಾಫಿ ಕುಡಿಯಲು ಬರುವವರು ನಿಂತುಹೋಗಿದ್ದರು. ಆ್ಯಪ್‌ನಲ್ಲಿ ಹೆಸರಿಲ್ಲದ ಚಾಕಿ ಕೇಂದ್ರ ಎಂದರೆ ಬಾಗಿಲು ಹಾಕಿದ ಅಂಗಡಿ ಎಂದೇ ಅರ್ಥವಾಗಿತ್ತು.

ಈಗ ಹುಳುಮನೆಯಲ್ಲಿದ್ದವು ಶನಿವಾರ ಮೂವತ್ತೆಂಟು ಮನೆಗಳಿಗೆ ಹೋಗಬೇಕಾದ ಹುಳುಗಳು. ಆ ಮೂವತ್ತೆಂಟು ಆರ್ಡರೂ ಆ್ಯಪ್‌ನಿಂದ ಮಾಯವಾಗಿದ್ದವು. ಶನಿವಾರ ಯಾರೂ ತೆಗೆದುಕೊಳ್ಳದಿದ್ದರೆ ಅಷ್ಟೂ ಹುಳುಗಳನ್ನು ಗುಂಡಿ ತೋಡಿ ಮುಚ್ಚಬೇಕು. ಅದಕ್ಕಿಂತ ಹೆಚ್ಚಾಗಿ, ರಾಧಾಮಣಿಯ ಮನೆಯ ಹುಳುವಿಗೆ ರೋಗ ಎಂಬ ಮಾತು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಒಮ್ಮೆ ತಲುಪಿತೆಂದರೆ ಹದಿನಾಲ್ಕು ವರ್ಷವನ್ನೂ ಅದೇ ಗುಂಡಿಗೆ ಹಾಕಿದಂತೆ.

ಹತ್ತು ಗಂಟೆಗೆ ರಮೇಶ್‌ಬಾಬು ಬಂದ. ನೂಲೇಣಿಯ ಫೀಲ್ಡ್ ಆಫೀಸರ್. ಪಕ್ಕದೂರಿನವನೇ, ಇವರ ಮನೆಯ ಹುಳು ಸಾಕಿದ ಮನೆಯಲ್ಲೇ ಹುಟ್ಟಿ ಬೆಳೆದವನು. ಬೈಕು ನಿಲ್ಲಿಸಿದವನು ತಲೆ ಎತ್ತಲಿಲ್ಲ.

"ನಾನೇನ್ ಮಾಡ್ಲಿ ಅಕ್ಕಾ, ಸಿಸ್ಟಮ್ ಮಾಡಿರೋದು" ಎಂದ.

"ಸಿಸ್ಟಮ್ ಬಂದು ನಮ್ ಹುಳ ನೋಡ್ತಾ?"

"ನೋಡಿಲ್ಲ. ಕೇಳಿಸ್ಕೊಂಡೈತೆ."

ಅವನು ಫೋನು ತೆಗೆದು ಧ್ವನಿಗಳನ್ನು ಹಾಕಿದ. ಹುಳು ಕೊಟ್ಟ ನಾಲ್ಕನೇ ದಿನ ನೂಲೇಣಿಯಿಂದ ಪ್ರತಿ ರೈತರಿಗೂ ಒಂದು ಫೋನು ಹೋಗುತ್ತಿತ್ತು. ಮಾತಾಡುವುದು ಯಂತ್ರ, ಹೆಂಗಸಿನ ದನಿಯಲ್ಲಿ. ಅದರ ನಯ ನೋಡಿ ಮಂಗಮ್ಮ ಅದಕ್ಕೆ 'ಸಕ್ಕರೆ ಗಂಟಲಿನವಳು' ಎಂದು ಹೆಸರಿಟ್ಟಿದ್ದಳು. ಹಿಂದಿನ ವಾರ ರಾಧಾಮಣಿ ಹುಳು ಕೊಟ್ಟ ನಲವತ್ತೆರಡು ಮನೆಗೂ ಸಕ್ಕರೆ ಗಂಟಲಿನವಳು ಮಂಗಳವಾರ ಫೋನು ಮಾಡಿ, 'ನಮಸ್ಕಾರ. ನಿಮ್ಮ ಹುಳುಗಳು ಹೇಗಿವೆ?' ಎಂದು ಕೇಳಿದ್ದಳು.

"ಎಲ್ಲಾ ಜ್ವರಕ್ಕೆ ಕೂತವೆ ಕಣಮ್ಮ" ಎಂದಿತ್ತು ಮೊದಲ ದನಿ.

"ಒಂದೂ ಬಿಡ್ದಂಗೆ ಜ್ವರ" ಎಂದಿತ್ತು ಎರಡನೆಯದು.

"ಅನ್ನೀ ಜ್ವರಮೇ ತಲ್ಲೀ. ನಾಳೆ ಎದ್ದೇಳ್ತಾವೆ ಬಿಡು." ಎಲ್ಲವೂ ಜ್ವರವೇ ತಾಯಿ ಎಂದ ಆ ದನಿ ಚಿಂತಾಮಣಿ ಕಡೆಯ ಮುನಿವೆಂಕಟಪ್ಪನದು. ಅವನ ಬಾಯಲ್ಲಿ ತೆಲುಗು ಯಾವುದು, ಕನ್ನಡ ಯಾವುದು ಎಂದು ಅವನ ಮನೆಯವರಿಗೇ ಗೊತ್ತಾಗುತ್ತಿರಲಿಲ್ಲ.

ಮಂಗಮ್ಮ ಜಗಲಿಯ ಮೇಲೆ ಕೂತಿದ್ದವಳು ನಗಲು ಶುರು ಮಾಡಿದಳು. ರಾಧಾಮಣಿಗೂ ನಗು ಬಂತು. ರಮೇಶ್‌ಬಾಬು ಮಾತ್ರ ನಗಲಿಲ್ಲ. ಅವನ ಮುಖ ನೋಡಿ ಇಬ್ಬರ ನಗುವೂ ಅಲ್ಲೇ ನಿಂತಿತು.

ಈ ಸೀಮೆಯಲ್ಲಿ ರೇಷ್ಮೆ ಹುಳುವಿಗೆ ಜ್ವರ ಬರುತ್ತದೆ. ಒಂದಲ್ಲ, ನಾಲ್ಕು ಸಲ. ಬರಲೇಬೇಕು. ಬೆಳೆಯುವ ಹುಳುವಿಗೆ ಚರ್ಮ ಬಿಗಿಯಾದಾಗ ಅದು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ಸುಮಾರು ಒಂದು ದಿನ ಹಾಗೇ ಕೂತು, ಹಳೆಯ ಚರ್ಮ ಕಳಚಿ, ಹೊಸ ಹಸಿವಿನಿಂದ ಏಳುತ್ತದೆ. ಕೂರುವುದಕ್ಕೆ ಜ್ವರಕ್ಕೆ ಕೂತಿತು ಎನ್ನುತ್ತಾರೆ, ಏಳುವುದಕ್ಕೆ ಜ್ವರ ಎದ್ದಿತು ಎನ್ನುತ್ತಾರೆ. ಅಜ್ಜಿಯರ ಕಾಲದಿಂದ ಬಂದ ಮಾತು. ಅದರಲ್ಲಿ ರೋಗವೂ ಇಲ್ಲ, ಔಷಧಿಯೂ ಇಲ್ಲ. ಇನ್ನೂ ಒಂದು ಸಂಗತಿಯಿದೆ. ಚಾಕಿ ಚೆನ್ನಾಗಿದ್ದರೆ ಹುಳುಗಳೆಲ್ಲ ಒಂದೇ ಹೊತ್ತಿಗೆ ಜ್ವರಕ್ಕೆ ಕೂರುತ್ತವೆ. ಚಾಕಿ ಕೆಟ್ಟರೆ ನಾಲ್ಕು ಕೂತಿರುತ್ತವೆ, ನಾಲ್ಕು ತಿನ್ನುತ್ತಿರುತ್ತವೆ, ರೈತ ಸೊಪ್ಪು ಹಾಕಬೇಕೋ ಬಿಡಬೇಕೋ ತಿಳಿಯದೆ ತಲೆ ಚಚ್ಚಿಕೊಳ್ಳುತ್ತಾನೆ.

ನಲವತ್ತೆರಡು ಮನೆಯವರು ಒಂದೇ ದಿನ 'ಎಲ್ಲಾ ಜ್ವರ' ಎಂದಿದ್ದರು. ಚಾಕಿ ಸಾಕುವ ಹೆಂಗಸಿಗೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ. ಯಂತ್ರ ಅದನ್ನು ಸಾಂಕ್ರಾಮಿಕ ಎಂದು ಬರೆದುಕೊಂಡಿತ್ತು.

"ಮತ್ತೆ ಕುಡುಮಲಕುಂಟೆ ಹುಳ?" ರಾಧಾಮಣಿ ಕೇಳಿದಳು. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ನೂಲೇಣಿಯವರು ತಮ್ಮದೇ ದೊಡ್ಡ ಚಾಕಿ ಕೇಂದ್ರ ತೆರೆದು ಆರು ತಿಂಗಳಾಗಿತ್ತು.

"ಅವ್ರ ರೈತರು, ಏನೋ ಅವೆ, ನೋಡ್ಬೇಕು ಅಂತಾರೆ. ಫೋನ್ ಇಡ್ತಾರೆ. ಅವ್ರದು ಹಸಿರು ಚುಕ್ಕೆ." ರಮೇಶ್‌ಬಾಬು ಗಂಟಲು ಸರಿಮಾಡಿಕೊಂಡ. "ನಿಮ್ಮ ಮೂವತ್ತೆಂಟು ಆರ್ಡರೂ ಅಲ್ಲಿಗೇ ಹೋಗವೆ ಅಕ್ಕಾ. ಅದೂ ತಾನಾಗೇ ಹೋಗಿದ್ದು."

ಎಲ್ಲವೂ ತಾನಾಗೇ. ಈ ಕಾಲದಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲವೂ ತಾನಾಗೇ ಆಗುತ್ತದೆ. ಆದರೆ ಆಗುವುದೆಲ್ಲ ಒಂದೇ ಕಡೆಯವರಿಗೆ ಅನುಕೂಲವಾಗಿ ಆಗುತ್ತದೆ.

ರಮೇಶ್‌ಬಾಬು ಚೀಲದಿಂದ ಒಂದು ಕಾಗದ ತೆಗೆದ. ಅದಕ್ಕೆ ಸಹಿ ಹಾಕಿದರೆ ಹದಿನೈದು ದಿನದಲ್ಲಿ ಕೆಂಪು ಚುಕ್ಕೆ ಹೋಗುತ್ತದಂತೆ. ಕಾಗದದಲ್ಲಿದ್ದದ್ದು ಇಷ್ಟು: ನಮ್ಮ ಕೇಂದ್ರದಲ್ಲಿ ಸ್ವಚ್ಛತೆಯ ಲೋಪದಿಂದ ರೋಗ ಕಂಡುಬಂದಿತ್ತು, ಮುಂದೆ ಹೀಗಾಗದಂತೆ ಕಂಪನಿಯ ತರಬೇತಿ ಪಡೆಯುತ್ತೇನೆ.

"ಎಲ್ರೂ ಹಾಕ್ತಾರೆ ಅಕ್ಕಾ. ಬರೀ ಫಾರ್ಮಾಲಿಟಿ."

ರಾಧಾಮಣಿಗೆ ಮೈಯೆಲ್ಲ ಉರಿದುಹೋಯಿತು. ಕಾಗದವನ್ನು ಹರಿಯಲಿಲ್ಲ, ನೀಟಾಗಿ ನಾಲ್ಕು ಮಡಿಕೆ ಮಾಡಿ ಅವನ ಜೇಬಿಗೇ ಇಟ್ಟಳು.

"ಇಲ್ಲದ ರೋಗಾನ ನಾನು ಬಂತು ಅಂತ ಬರ್ಕೊಡಲ್ಲ ಬಾಬು. ನಾಳೆ ನಿಮ್ ಆಫೀಸ್ಗೆ ಬರ್ತೀನಿ. ಯಾರಿರ್ತಾರೆ ಅಲ್ಲಿ?"

"ಸಿದ್ಧಾರ್ಥ್ ಸರ್ ಇರ್ತಾರೆ. ಆದ್ರೆ..."

"ಆದ್ರೆ ಗೀದ್ರೆ ಬೇಡ. ಇರಕ್ಕೆ ಹೇಳು."

ಆ ದಿನ ಮಧ್ಯಾಹ್ನ ಮೂರಕ್ಕೆ ಹುಳುಮನೆಯ ಹುಳುಗಳು ಎರಡನೇ ಜ್ವರಕ್ಕೆ ಕೂತವು. ಎಲ್ಲವೂ ಒಟ್ಟಿಗೆ, ಹೇಳಿ ಮಾಡಿಸಿದ ಹಾಗೆ. ರಾಧಾಮಣಿ ಸುಣ್ಣ ಉದುರಿಸಿ, ಗೋಡೆಯ ಗಡಿಯಾರ ನೋಡಿ, ಬೆರಳು ಮಡಿಸಿ ಲೆಕ್ಕ ಹಾಕಿ, "ನಾಳೆ ಬೆಳಿಗ್ಗೆ ಹನ್ನೊಂದೂವರೆ" ಎಂದಳು. ಮಂಗಮ್ಮ ತಟ್ಟೆಯ ಮೇಲೆ ಬಾಗಿ ನೋಡಿ, "ಹನ್ನೊಂದೂಕಾಲು" ಎಂದಳು.

ಜ್ವರಕ್ಕೆ ಕೂತ ಹುಳುವನ್ನು ಅಲುಗಾಡಿಸಬಾರದು. ಗುರುವಾರ ಬೆಳಿಗ್ಗೆ ರಾಧಾಮಣಿ ಆ ನಿಯಮ ಮುರಿದಳು. ಒಂದು ಸಣ್ಣ ತಟ್ಟೆ ಹುಳುವನ್ನು ತೊಡೆಯ ಮೇಲಿಟ್ಟುಕೊಂಡು ಟೆಂಪೋದಲ್ಲಿ ಕೂತಳು. ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರು ಮುಟ್ಟುವ ತನಕ ಚಲಪತಿ ಒಂದು ಗುಂಡಿಗೂ ಚಕ್ರ ಇಳಿಸಲಿಲ್ಲ. ಹಿಂದಿನ ಲಾರಿಗಳು ಹಾರನ್ನು ಹೊಡೆದು ಹೊಡೆದು ಸುಸ್ತಾಗಿ ಪಕ್ಕದಿಂದ ಹೋದವು. ತನ್ನ ಗಂಡ ಇಷ್ಟು ಚೆನ್ನಾಗಿ ಗಾಡಿ ಓಡಿಸುತ್ತಾನೆಂದು ರಾಧಾಮಣಿಗೆ ಅಂದೇ ತಿಳಿದದ್ದು.

ಕುಡುಮಲಕುಂಟೆಯ ಕಾರ್ಖಾನೆಗಳ ನಡುವೆ ನೂಲೇಣಿಯ ಆಫೀಸು ಗಾಜಿನ ಪೆಟ್ಟಿಗೆಯ ಹಾಗಿತ್ತು. ಅಲ್ಲಿನ ಮ್ಯಾನೇಜರ್ ಸಿದ್ಧಾರ್ಥ್ ಮೂವತ್ತು ದಾಟದ ಹುಡುಗ. ಎದ್ದು ನಿಂತು ಕುರ್ಚಿ ತೋರಿಸಿದ, ನೀರು ತರಿಸಿದ. ಕೆಟ್ಟವನಲ್ಲ. ರಾಧಾಮಣಿಗೆ ಅದೇ ಕಷ್ಟವಾಯಿತು. ಒರಟನಾಗಿದ್ದರೆ ಜಗಳ ಸುಲಭವಿತ್ತು. ಅವಳು ತಟ್ಟೆಯನ್ನು ಅವನ ಮೇಜಿನ ನಡುವೆ ಇಟ್ಟು, ಮೇಲಿನ ಕಾಗದ ಸರಿಸಿದಳು. ಹುಳುಗಳು ತಲೆ ಎತ್ತಿ ಕಲ್ಲಿನ ಹಾಗೆ ಕೂತಿದ್ದವು.

"ಇವು ಸತ್ತಿವೆಯಾ?" ಅವನು ಕುರ್ಚಿ ಹಿಂದೆ ಸರಿಸಿದ.

"ಜ್ವರಕ್ಕೆ ಕೂತವೆ. ಹನ್ನೊಂದೂವರೆಗೆ ಏಳ್ತಾವೆ. ಕೂತ್ಕೊಳಿ."

ಗಡಿಯಾರದಲ್ಲಿ ಹತ್ತೂಮುಕ್ಕಾಲು. ಜ್ವರವೆಂದರೆ ಚರ್ಮ ಕಳಚುವುದು ಎಂದು ಅವಳು ಅವನಿಗೆ ಬಿಡಿಸಿ ಹೇಳಿದಳು. ಕಾಯುವಾಗ ಸುಮ್ಮನೆ ಕೂರಲಾಗದೆ ಸಿದ್ಧಾರ್ಥ್ ಕಂಪನಿಯ ಹೊಸ 'ಸಲಹೆಗಾರ್ತಿ'ಯನ್ನು ತೋರಿಸಿದ. ರೈತರು ಏನು ಕೇಳಿದರೂ ಯಂತ್ರ ಉತ್ತರ ಹೇಳುತ್ತದೆ. ಮುಂದಿನ ತಿಂಗಳು ಎಲ್ಲರ ಫೋನಿಗೂ ಬರುತ್ತದೆ. ರಾಧಾಮಣಿ ಫೋನಿನ ಹತ್ತಿರ ಬಾಗಿ, "ಎರಡನೇ ಜ್ವರಕ್ಕೆ ಕೂತಾಗ ಏನ್ ಮಾಡ್ಬೇಕು?" ಎಂದಳು.

'ಜ್ವರವಿದ್ದರೆ ದಯವಿಟ್ಟು ವೈದ್ಯರನ್ನು ಸಂಪರ್ಕಿಸಿ' ಎಂದಿತು ಸಲಹೆಗಾರ್ತಿ.

ಸಿದ್ಧಾರ್ಥ್ ಮುಜುಗರದಿಂದ ಫೋನು ತೆಗೆದುಕೊಂಡು, ಚರ್ಮ ಕಳಚುವುದಕ್ಕಿರುವ ಇಂಗ್ಲಿಷ್ ಹೆಸರು ಹಿಡಿದು, "ಎರಡನೇ ಮೋಲ್ಟಿಂಗ್‌ನಲ್ಲಿ ಏನು ಮಾಡಬೇಕು?" ಎಂದ.

'ಮೋಲ್ಟಿಂಗ್ ಸಮಯದಲ್ಲಿ ತಟ್ಟೆ ಒಣಗಲು ಬಿಡಿ. ಆಸೆಗೆ ಬಿದ್ದು ಸೊಪ್ಪು ಸುರಿಯಬೇಡಿ. ಮಗುವಿನ ಕತ್ತಿಗೆ ಪೌಡರ್ ಹಾಕಿದಂತೆ ಸುಣ್ಣ ಉದುರಿಸಿ. ಕೊನೆಯ ಹುಳು ಏಳುವ ತನಕ ಮೊದಲ ಹುಳು ಹಸಿದಿರಲಿ.'

ರಾಧಾಮಣಿಯ ಕೈ ತಟ್ಟೆಯ ಅಂಚಿನ ಮೇಲೇ ನಿಂತುಬಿಟ್ಟಿತು. ಅದು ಮಂಗಮ್ಮನ ಮಾತು. ಮೊದಲ ದಿನ ಹುಳುಮನೆಯೊಳಗೆ ಕರೆದುಕೊಂಡು ಹೋಗಿ ಅತ್ತೆ ಹೇಳಿಕೊಟ್ಟದ್ದು, ಪೌಡರು, ಮಗುವಿನ ಕತ್ತು, ಹಸಿದ ಮೊದಲ ಹುಳು, ಎಲ್ಲವೂ. ಎರಡು ವರ್ಷ ಪ್ರತಿ ದಿನ ಆ್ಯಪ್‌ಗೆ ಕೆಲಸದ ವಿವರವನ್ನು ಬಾಯಲ್ಲಿ ಹೇಳಬೇಕೆಂಬ ನಿಯಮವಿತ್ತು. ಅವಳು ಒಂದು ದಿನವೂ ತಪ್ಪಿಸದೆ ಹೇಳಿದ್ದಳು. ಯಾರೋ ಕೇಳುತ್ತಾರೆ ಎಂದು ತಿಳಿದು ಇನ್ನಷ್ಟು ಬಿಡಿಸಿ ಹೇಳಿದ್ದಳು.

"ಇದು ನನ್ ಮಾತು" ಎಂದಳು. "ಆದ್ರೆ ನಾನು ಹೇಳೋವಾಗ ಜ್ವರ ಅಂದಿದ್ದೆ."

ಸಿದ್ಧಾರ್ಥ್ ಕಂಪ್ಯೂಟರಿನಲ್ಲಿ ಹುಡುಕಿದ. ಸ್ವಲ್ಪ ಹೊತ್ತಾದ ಮೇಲೆ ಅವನ ಕಿವಿ ಕೆಂಪಾಯಿತು. "ಬೆಂಗಳೂರಿನಲ್ಲಿ ಒಂದು ಟೀಮ್ ರೆಕಾರ್ಡಿಂಗ್ ಎಲ್ಲಾ ಕ್ಲೀನ್ ಮಾಡುತ್ತೆ. ಅವರು ಜ್ವರ ಅನ್ನೋದು ತಪ್ಪು ಪದ ಅಂದ್ಕೊಂಡು ಎಲ್ಲಾ ಕಡೆ ಮೋಲ್ಟಿಂಗ್ ಅಂತ ತಿದ್ದಿದಾರೆ. ಫೋನ್ ಮಾಡೋ ಸಿಸ್ಟಮ್ ಬೇರೆಯವರದು. ಅದು ಆಸ್ಪತ್ರೆ ಕಾಲ್‌ಗಳಿಂದ ಕಲ್ತಿರೋದು. ಅದಕ್ಕೆ ಜ್ವರ ಅಂದ್ರೆ ಜ್ವರಾನೇ."

"ಅಂದ್ರೆ ನನ್ ಮಾತೆಲ್ಲಾ ಇಟ್ಕೊಂಡು ಒಂದೇ ಒಂದು ಮಾತು ಕಿತ್ತು ಬಿಸಾಕಿದ್ರಿ. ಈಗ ಆ ಒಂದು ಮಾತಿಂದ್ಲೇ ನನ್ ಬಾಗ್ಲು ಹಾಕ್ಸ್ತಾ ಇದೀರಿ."

ಅವನು ಉತ್ತರ ಹೇಳುವ ಮೊದಲೇ ತಟ್ಟೆಯಲ್ಲಿ ಒಂದು ಹುಳು ತಲೆ ಆಡಿಸಿತು. ಹಳೆಯ ಚರ್ಮ ಬಾಲದ ಕಡೆ ಜಾರಿ, ಸುಕ್ಕುಸುಕ್ಕಾದ ಹೊಸ ಮೈ ಹೊರಗೆ ಬಂತು. ಅದರ ಪಕ್ಕದ್ದು, ಅದರ ಪಕ್ಕದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಎಂದರೆ ಸುಳ್ಳಾಗುತ್ತದೆ. ಆದರೆ ಸಿದ್ಧಾರ್ಥ್ ಕಣ್ಣು ಮಿಟುಕಿಸಿದ್ದು ಕಡಿಮೆ. ಅರ್ಧ ಗಂಟೆಯೊಳಗೆ ಇಡೀ ತಟ್ಟೆ ಮಿಸುಕಾಡುತ್ತಿತ್ತು. ರಾಧಾಮಣಿ ಗಡಿಯಾರ ನೋಡಿದಳು. ಮೊದಲನೆಯದು ಎದ್ದದ್ದು ಹನ್ನೊಂದೂಕಾಲಿಗೆ. ಅತ್ತೆಯೇ ಗೆದ್ದಿದ್ದಳು.

"ಒಪ್ಪಿದೆ ಮೇಡಂ" ಎಂದ ಸಿದ್ಧಾರ್ಥ್. ಮನಸ್ಸಾರೆ ಹೇಳಿದ. "ಆದ್ರೆ ಚುಕ್ಕೆ ತೆಗೆಯೋಕೆ ನನ್ನ ಹತ್ರ ಬಟನ್ ಇಲ್ಲ. ರೋಗದ ವಿಷಯದಲ್ಲಿ ಮನುಷ್ಯರು ಕೈ ಹಾಕಬಾರದು ಅಂತ ಹಂಗೆ ಮಾಡಿದಾರೆ. ಹೊಸದಾಗಿ ಕಲಿಸೋಕೆ ಮೂರು ತಿಂಗಳಾಗುತ್ತೆ. ಅಲ್ಲೀವರೆಗೂ ಒಂದು ದಾರಿ ಇದೆ. ರೈತರಿಗೆಲ್ಲಾ ಮೆಸೇಜ್ ಕಳಿಸ್ತೀನಿ. ಜ್ವರ ಅನ್ನೋ ಬದಲು ಮೋಲ್ಟಿಂಗ್ ಅನ್ನಲಿ. ಒಂದು ಪದ ತಾನೇ?"

ಒಂದು ಪದ ತಾನೇ ಎಂದದ್ದು ರಾಧಾಮಣಿಗೆ ಹಿಂದಿನ ದಿನದ ಕಾಗದಕ್ಕಿಂತ ಹೆಚ್ಚು ಚುಚ್ಚಿತು. ಎಪ್ಪತ್ತು ದಾಟಿದ ಮಂಗಮ್ಮನಂಥವರು ಮುಂದಿನ ವಾರದಿಂದ ತಮ್ಮ ಹುಳುವಿನ ಬಗ್ಗೆ ಬಾಯಿಗೆ ಬಾರದ ಇಂಗ್ಲಿಷು ಮಾತಾಡಬೇಕು. ಯಾಕೆ? ಯಾರೋ ಕಲಿಯದೆ ಬಂದದ್ದಕ್ಕೆ.

"ಕಲೀಬೇಕಾಗಿರೋದು ನಿಮ್ ಯಂತ್ರ" ಎಂದು ತಟ್ಟೆ ಎತ್ತಿಕೊಂಡಳು. "ನಾವ್ಯಾಕೆ ಮಾತು ಬದ್ಲಾಯಿಸ್ಬೇಕು? ನಾವು ಜ್ವರ ಅಂತಲೇ ಅಂತೀವಿ."

ಟೆಂಪೋ ಹತ್ತಿದ ಮೇಲೆ ಅವಳಿಗೆ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಚಲಪತಿ ಗೇರು ಬದಲಾಯಿಸುತ್ತ, "ಅಳೋದಿದ್ರೆ ಅತ್ಬಿಡು. ಹುಳಕ್ಕೆ ತೇವ ಆಗ್ದಂಗೆ ನೋಡ್ಕೋ" ಎಂದ. ಅವಳು ಅಳು ನಿಲ್ಲಿಸಿ ಅವನ ತೋಳಿಗೆ ಒಂದು ಗುದ್ದು ಕೊಟ್ಟಳು.

ಮನೆ ತಲುಪುವ ಮೊದಲೇ ಮೆಸೇಜು ಎಲ್ಲರ ಫೋನಿಗೂ ಬಂದಿತ್ತು: 'ಆತ್ಮೀಯ ರೈತರೇ, ನಿಖರ ಸೇವೆಗಾಗಿ ದಯವಿಟ್ಟು "ಜ್ವರ" ಪದ ಬಳಸಬೇಡಿ. "ಮೋಲ್ಟಿಂಗ್" ಎಂದು ಹೇಳಿ.' ಮಂಗಮ್ಮ ಅದನ್ನು ಓದಿಸಿಕೊಂಡು ಕೇಳಿ, ಬಾಯೊಳಗಿನ ಎಲೆಯಡಿಕೆ ಉಗಿದು ಬಂದು, ತನ್ನ ಹಳೆಯ ಫೋನು ಹಿಡಿದು ಕೂತಳು. ಸೊಸೆಗೆ ಆ್ಯಪ್ ಇತ್ತು; ಅತ್ತೆಗೆ ಮೂವತ್ತು ವರ್ಷದ ನೆಂಟಸ್ತನವಿತ್ತು. ಶುಕ್ರವಾರ ಇಡೀ ದಿನ ಅವಳು ಮೂವತ್ತೆಂಟು ಮನೆಗೂ ಮಾತಾಡಿದಳು. ನಮ್ಮ ಹುಳು ಜ್ವರ ಎದ್ದಿವೆ, ಬೇಕಾದವರು ಬಂದು ಕಣ್ಣಾರೆ ನೋಡಿ ತಗೊಂಡು ಹೋಗಿ ಎಂದಷ್ಟೇ ಹೇಳಿದಳು. ಬೇಡಿಕೊಳ್ಳಲಿಲ್ಲ.

ಶನಿವಾರ ಇಪ್ಪತ್ತೇಳು ಮನೆಯವರು ಬಂದರು. ಎರಡು ವರ್ಷದ ಮೇಲೆ ಮತ್ತೆ ಕಾಫಿಗೆ ಹಾಲು ಸಾಲದಾಯಿತು. ಹನ್ನೊಂದು ಮನೆಯವರು ಬರಲಿಲ್ಲ. ಕೆಂಪು ಚುಕ್ಕೆ ಕಂಡ ಮೇಲೆ ಭಯವಾಗುತ್ತದಮ್ಮ ಎಂದವರಿದ್ದರು. ಅವರನ್ನು ಬೈಯುವಂತಿರಲಿಲ್ಲ, ಒಂದು ಬೆಳೆ ಹೋದರೆ ಅವರ ಪಾಡೇನು. ಆ ಹನ್ನೊಂದು ಮನೆಯ ಹುಳುವಿಗೆ ಗುಂಡಿ ತೋಡುವ ಮಾತು ಬಂದಾಗ ಮಂಗಮ್ಮ ಎದ್ದು ಹೋಗಿ ಹಿತ್ತಿಲಿನ ಹಳೆಯ ಹುಳುಮನೆಯ ಬಾಗಿಲು ತೆಗೆದಳು. ಆರು ವರ್ಷದಿಂದ ಅವಳು ಬೆಳೆ ಇಟ್ಟಿರಲಿಲ್ಲ.

"ನಾನು ಸಾಕ್ತೀನಿ" ಎಂದಳು. "ನನ್ ಮಾತು ಯಂತ್ರಕ್ಕೆ ಬೇಕಾಗೈತೆ ಅಂದ್ಮೇಲೆ ನನ್ ಕೈ ಹುಳಕ್ಕೆ ಬೇಡ್ವಾ?"

ಆ ದಿನ ಬಂದವರಲ್ಲಿ ಮುನಿವೆಂಕಟಪ್ಪ ಇರಲಿಲ್ಲ. ಅವನದು ಹಿಂದಿನ ವಾರದ ಬೆಳೆ. ಆದರೆ ಸೋಮವಾರ ರಾಧಾಮಣಿ ಅವನನ್ನು ಹುಡುಕಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೇ ಹೋದಳು. ತಮ್ಮನ ಗೂಡು ಮಾರಲು ಅವನು ಅಲ್ಲಿಗೆ ಬಂದಿದ್ದ. ಗೂಡಿನ ರಾಶಿಗಳ ಮಧ್ಯೆ ನಿಂತು ಅವಳು ನಡೆದದ್ದೆಲ್ಲ ಹೇಳಿದಳು. ಹೇಳುವಾಗ ಸುತ್ತ ಜನ ಸೇರಿದರು. ಕುಡುಮಲಕುಂಟೆಯ ಹುಳು ತಂದವರೂ ಅದರಲ್ಲಿದ್ದರು.

"ನೀವು ಯಾರ ಹುಳ ತಗೊಂಡ್ರೂ ಸರಿ" ಎಂದಳು ರಾಧಾಮಣಿ. "ನಾನು ಸುಳ್ಳು ಹೇಳಿ ಅಂತ ಕೇಳಲ್ಲ. ಆವಮ್ಮ ಫೋನ್ ಮಾಡಿ ಹುಳ ಹೇಗವೆ ಅಂದ್ರೆ, ಏನೋ ಅವೆ ಅಂತ ಇಡ್ಬೇಡಿ. ನಿಮ್ ಮನೇಲಿ ಹೆಂಗೈತೋ ಹಂಗೆ, ನಿಮ್ ಮಾತಲ್ಲಿ, ಪೂರ್ತಿ ಹೇಳಿ. ಅಷ್ಟೇ."

ಮುನಿವೆಂಕಟಪ್ಪ ಮೀಸೆಯಲ್ಲೇ ನಕ್ಕ. "ಸರ್ಲೇ ತಲ್ಲೀ. ಮಾತಾಡೋದು ನಮ್ಗೆ ಹೇಳ್ಕೊಡ್ಬೇಕಾ?"

ಬುಧವಾರ ಕುಡುಮಲಕುಂಟೆಯ ಹುಳುಗಳು ಮೂರನೇ ಜ್ವರದ ಹೊತ್ತಿಗೆ ಬಂದವು. ಸಕ್ಕರೆ ಗಂಟಲಿನವಳು ಎಂದಿನಂತೆ ಫೋನು ಮಾಡಿದಳು. ಆ ಕೇಂದ್ರದ ಹುಳುಗಳು ಒಂದೇ ಹೊತ್ತಿಗೆ ಜ್ವರಕ್ಕೆ ಕೂತಿರಲಿಲ್ಲ, ಹಾಗಾಗಿ ಹೇಳುವುದಕ್ಕೆ ರೈತರಿಗೆ ಬೇಕಾದಷ್ಟಿತ್ತು.

"ನಿನ್ನೆ ಒಂದಷ್ಟು ಜ್ವರಕ್ಕೆ ಕೂತ್ವಮ್ಮ. ಇವತ್ತು ಒಂದಷ್ಟು ಜ್ವರ. ನಿನ್ನೆ ಜ್ವರ ಬಂದವು ಇವತ್ತು ಜ್ವರ ಎದ್ವು, ಜ್ವರ ಬರ್ದೇ ಇರೋವು ನಾಳೆ ಜ್ವರಕ್ಕೆ ಹೋಗ್ಬೋದು. ಈ ಜ್ವರದ ಹುಳಕ್ಕೆ ಸೊಪ್ಪು ಹಾಕ್ಲಾ ಬೇಡ್ವಾ, ನೀನೇ ಹೇಳು."

ಇಂಥ ಫೋನುಗಳು ನೂರಾರು. ಒಬ್ಬರೂ ಒಂದಕ್ಷರ ಸುಳ್ಳು ಹೇಳಲಿಲ್ಲ. ರಾಧಾಮಣಿಯ ರೈತರು ಒಂದು ಸಲ ಜ್ವರ ಎಂದಿದ್ದರೆ ಕುಡುಮಲಕುಂಟೆಯ ರೈತರು ಆರಾರು ಸಲ ಎಂದಿದ್ದರು. ಗುರುವಾರ ಬೆಳಗಾಗುವಷ್ಟರಲ್ಲಿ ನೂಲೇಣಿಯ ಸ್ವಂತ ಕೇಂದ್ರದ ಮೇಲೆ ಕೆಂಪು ಚುಕ್ಕೆ ಬಿತ್ತು. ಅದರ ಎಲ್ಲ ಆರ್ಡರ್‌ಗಳೂ ನಿಂತವು. ತಾನಾಗೇ.

ಶುಕ್ರವಾರ ಮಧ್ಯಾಹ್ನ ಸಿದ್ಧಾರ್ಥ್ ಮಲ್ಲೇನಹಳ್ಳಿಗೆ ಬಂದ, ಜೊತೆಯಲ್ಲಿ ರಮೇಶ್‌ಬಾಬು. ಈ ಸಲ ರಮೇಶ್‌ಬಾಬು ತಲೆ ಎತ್ತಿಕೊಂಡೇ ಬಂದ; ನಗು ತಡೆಯಲು ಮಾತ್ರ ತುಟಿ ಕಚ್ಚಿಕೊಂಡಿದ್ದ. ಮಂಗಮ್ಮ ಇಬ್ಬರಿಗೂ ಕಾಫಿ ಕೊಟ್ಟಳು.

"ಮೇಡಂ, ಜನ ಹಿಂಗೇ ಜ್ವರ ಜ್ವರ ಅಂತಿದ್ರೆ ನಮಗೆ ದಿನಾ ಚುಕ್ಕೆ ಬೀಳುತ್ತೆ. ನೀವೊಂದು ಮಾತು ಹೇಳಿದ್ರೆ ನಿಲ್ಲಿಸ್ತಾರೆ" ಎಂದ ಸಿದ್ಧಾರ್ಥ್. "ನಿಮ್ಮ ಚುಕ್ಕೆ ಇವತ್ತೇ ತೆಗೆಸ್ತೀನಿ."

"ಬಟನ್ ಇಲ್ಲ ಅಂದಿದ್ರಿ."

ಅವನು ಕಾಫಿ ಲೋಟದೊಳಗೆ ನೋಡಿದ. "ನಿನ್ನೆ ಮಾಡಿದ್ರು."

"ಒಂದೇ ದಿನಕ್ಕೆ." ರಾಧಾಮಣಿ ಅದನ್ನು ಮೆಲ್ಲಗೆ, ಕೇಳಿಸುವಷ್ಟು ಮೆಲ್ಲಗೆ ಹೇಳಿದಳು. "ನಂಗೆ ಮೂರು ತಿಂಗ್ಳು, ನಿಮ್ಗೆ ಒಂದು ದಿನ. ಇರ್ಲಿ. ಚುಕ್ಕೆ ಸದ್ದಿಲ್ದಂಗೆ ತೆಗೆದ್ರೆ ನಂಗೆ ಸಾಲ್ದು. ರಾಧಾಮಣಿ ಹುಳಕ್ಕೆ ರೋಗ ಅಂತ ಎಲ್ಲರ ಫೋನಲ್ಲೂ ಕಾಣ್ಸಿದ್ದು ಯಾರು? ಆ ದನೀನೇ ಈಗ ಎಲ್ರಿಗೂ ಫೋನ್ ಮಾಡಿ ಹೇಳ್ಬೇಕು, ರೋಗ ಇರ್ಲಿಲ್ಲ, ತಪ್ಪು ನನ್ದು ಅಂತ. ಆಮೇಲೆ ಜ್ವರ ಅನ್ನೋ ಮಾತು. ನನ್ ರೆಕಾರ್ಡಿಂಗಲ್ಲಿ ಎಲ್ಲೆಲ್ಲಿ ಕಿತ್ತಿದೀರೋ ಅಲ್ಲಲ್ಲೇ ವಾಪಸ್ ಇಡಿ. ಇಲ್ದಿದ್ರೆ ನಾಳೆಯಿಂದ ಆ್ಯಪಿಗೆ ನಾನು ಒಂದು ಮಾತೂ ಹೇಳಲ್ಲ. ನನ್ ಜೊತೆ ಇನ್ನೂ ಇಪ್ಪತ್ತು ಚಾಕಿಯವ್ರು ಹೇಳಲ್ಲ. ಮಾತಾಡಿದೀನಿ."

ಇಪ್ಪತ್ತು ಎನ್ನುವುದು ಸ್ವಲ್ಪ ಹೆಚ್ಚಾಯಿತು. ಮಾತಾಡಿದ್ದು ಒಂಬತ್ತು ಜನರ ಹತ್ತಿರ. ಆದರೆ ಕಂಪನಿಯವರ ಜೊತೆ ಚೌಕಾಸಿ ಮಾಡುವಾಗ ಅಷ್ಟು ಇರಬೇಕಾಗುತ್ತದೆ.

"ಯಂತ್ರ ತಪ್ಪು ಒಪ್ಕೊಳ್ಳೋದು... ಲೀಗಲ್‌ನವರು ಬಿಡಲ್ಲ ಮೇಡಂ."

"ನಂಗೆ ತಪ್ಪೊಪ್ಪಿಗೆ ಕಾಗದ ಕಳ್ಸೋವಾಗ ಬಿಟ್ರಲ್ಲ, ಅದೇ ಲೀಗಲ್‌ನವರು. ಇದಕ್ಕೂ ಬಿಡ್ತಾರೆ. ಕೇಳಿ ನೋಡಿ."

ಸಿದ್ಧಾರ್ಥ್ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ಒಂದು ಸಲ ದನಿ ಏರಿಸಿದ್ದೂ ಕೇಳಿಸಿತು. ಯಾರ ಪರವಾಗಿ ಏರಿಸಿದನೋ ತಿಳಿಯಲಿಲ್ಲ. ಒಳಗೆ ಬಂದವನು ಆಗುತ್ತದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ರಾಧಾಮಣಿಯ ಹತ್ತಿರ ಮೂರನೇ ಜ್ವರ, ನಾಲ್ಕನೇ ಜ್ವರ ಎಂದು ಬಿಡಿಸಿ ಕೇಳಿ ಬರೆದುಕೊಂಡು ಹೋದ. ಹೋಗುವಾಗ ಮಂಗಮ್ಮನ ಹಿತ್ತಿಲಿನ ಹುಳುಗಳನ್ನು ಬಾಗಿಲಲ್ಲೇ ನಿಂತು ನೋಡಿದ. ಎಲ್ಲವೂ ಒಂದೇ ಅಳತೆ.

ಶನಿವಾರ ಏನೂ ಆಗಲಿಲ್ಲ. ಭಾನುವಾರವೂ ಆಗಲಿಲ್ಲ. ರಾಧಾಮಣಿ ಆ ಎರಡು ದಿನವೂ ಆ್ಯಪ್‌ಗೆ ಬಾಯಿ ಬಿಡಲಿಲ್ಲ. ಆ್ಯಪ್ ಎರಡೆರಡು ಗಂಟೆಗೊಮ್ಮೆ ನೆನಪಿಸಿತು. ಅವಳು ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ತನ್ನ ಕೆಲಸ ನೋಡಿಕೊಂಡಳು. ಒಳಗೊಳಗೆ ಭಯವಿತ್ತು. ಹೊಸ ಮೊಟ್ಟೆ ತರಿಸಬೇಕೋ ಬೇಡವೋ ಎಂದು ಚಲಪತಿ ಎರಡು ಸಲ ಕೇಳಿದ. ಎರಡು ಸಲವೂ ಅವಳು "ತರ್ಸು" ಎಂದಳು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಂಗಮ್ಮನ ಹಳೆಯ ಫೋನು ಕೂಗಿತು. ಹಿತ್ತಿಲಿನ ಬೆಳೆಗಾಗಿ ರಮೇಶ್‌ಬಾಬು ಅವಳ ಹೆಸರನ್ನೂ ನೂಲೇಣಿಗೆ ಸೇರಿಸಿದ್ದ; ಅಲ್ಲಿ ಹೆಸರಿದ್ದ ಎಲ್ಲರಿಗೂ ಅದೇ ಹೊತ್ತಿಗೆ ಕೂಗಿತ್ತು. ಮಂಗಮ್ಮ ಸ್ಪೀಕರ್ ಹಾಕಿ ಜಗಲಿಯ ಮೇಲಿಟ್ಟಳು.

'ನಮಸ್ಕಾರ' ಎಂದಳು ಸಕ್ಕರೆ ಗಂಟಲಿನವಳು. 'ಮಲ್ಲೇನಹಳ್ಳಿಯ ರಾಧಾಮಣಿ ಅವರ ಚಾಕಿ ಹುಳುಗಳಿಗೆ ಯಾವುದೇ ರೋಗ ಇರಲಿಲ್ಲ. ಜ್ವರಕ್ಕೆ ಕೂರುವುದು ಎಂದರೆ ಹುಳು ಚರ್ಮ ಕಳಚುವುದು. ಇದು ನನಗೆ ಗೊತ್ತಿರಲಿಲ್ಲ. ತಪ್ಪು ನನ್ನದು.'

ರಾಧಾಮಣಿ ಸೊಪ್ಪು ಕತ್ತರಿಸುತ್ತಿದ್ದ ಕತ್ತಿ ಕೆಳಗಿಟ್ಟಳು. ಹನ್ನೆರಡು ದಿನದ ಮೇಲೆ ಅವಳಿಗೆ ನಿಜಕ್ಕೂ ಸಂತೋಷವಾಯಿತು.

'ನಿಮ್ಮ ಹುಳುಗಳು ಈಗ ಹೇಗಿವೆ?' ಎಂದು ಕೇಳಿತು ಫೋನು.

ಮಂಗಮ್ಮ ಹಿತ್ತಿಲಿನ ಹುಳುಮನೆಯ ಕಡೆ ನೋಡಿ, ಸೊಸೆಯ ಕಡೆ ನೋಡಿ, ಫೋನಿನ ಹತ್ತಿರ ಬಾಗಿ, ಕಿವುಡರಿಗೆ ಹೇಳುವ ಹಾಗೆ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು.

"ನಾಲ್ಕನೇ ಜ್ವರ. ಎಲ್ಲಾ ಒಟ್ಗೆ ಕೂತವೆ. ಬರ್ಕೋ."



'ಸಂತೋಷ' ಎಂದಿತು ಆ ದನಿ. 'ಜ್ವರ ಎದ್ದ ಮೇಲೆ ಸೊಪ್ಪು ಹಾಕಿ. ಕೊನೆಯ ಹುಳು ಏಳುವ ತನಕ ಮೊದಲ ಹುಳು ಹಸಿದಿರಲಿ.'

"ನಂಗೇ ಹೇಳ್ಕೊಡ್ತೀಯೇನೇ" ಎಂದು ಮಂಗಮ್ಮ ಫೋನು ಇಟ್ಟು, ಹುಳು ನೋಡಲು ಎದ್ದಳು.